ಗುಳಿಗೆ ಬಿಟ್ಟ ಮೇಲೆ ಬರುವ ಬೇಜಾರು: ನಮ್ಮಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಒಂದು ವ್ಯಸನಮುಕ್ತಿ ವಿಭಾಗದಲ್ಲಿ ನಾನು ಆಪ್ತ ಸಮಾಲೋಚಕಿ. ಡಾಕ್ಟರ್ ಅಲ್ಲ, ಡಾಕ್ಟರ ಪಕ್ಕದ ಕೋಣೆಯಲ್ಲಿ ಕೂತು ಮಾತಾಡುವವಳು. ನೋವಿನ ಗುಳಿಗೆ, ಕೆಮ್ಮಿನ ಸಿರಪ್, ಸೂಜಿ, ಬ್ರೌನ್ ಶುಗರ್, ಅಫೀಮು ಅಂತ ಹೆಸರು ನೂರಿರಬಹುದು. ಟ್ರಮಡಾಲ್, ಟಪೆಂಟಡಾಲ್, ಕೋಡೀನ್, ಹೆರಾಯಿನ್ ಎಲ್ಲ ಒಂದೇ ಕುಟುಂಬ. ಓಪಿಯಾಯ್ಡ್ ಅಂತಾರೆ. ಬಿಡಬೇಕು ಅಂತ ಬಂದವರು ಮೊದಲ ವಾರ ಮೈಕೈ ನೋವು, ಭೇದಿ, ನಿದ್ದೆ ಬಗ್ಗೆ ಕೇಳುತ್ತಾರೆ. ಎರಡನೇ ವಾರದಿಂದ ಮಾತು ಬದಲಾಗುತ್ತದೆ. "ಏನೂ ಬ್ಯಾಡ ಅನಸ್ತೈತ್ರಿ ಅಕ್ಕಾರ. ಇದಕ್ಕೊಂದು ಗುಳಿಗಿ ಇಲ್ಲೇನ್ರಿ?" ಅಂತಾರೆ. ಆ ಪ್ರಶ್ನೆಗೂ, ಅದರ ಹಿಂದೆ ಮುಂದೆ ಬರುವ ಪ್ರಶ್ನೆಗಳಿಗೂ ಇಲ್ಲಿ ಉತ್ತರ ಬರೆದಿದ್ದೇನೆ.

ಬಿಟ್ಟ ಮೇಲೆ ಇಷ್ಟು ಬೇಜಾರು ಯಾಕೆ? ಮನಸ್ಸು ಗಟ್ಟಿ ಇಲ್ಲ ಅಂತಾನಾ?

ಅಲ್ಲ. ಹಗ್ಗ ಜಗ್ಗುವ ಆಟ ನೆನಪಿಸಿಕೊಳ್ಳಿ. ದಿನಾ ಗುಳಿಗೆ ಒಂದು ಕಡೆಯಿಂದ ಎಳೆಯುತ್ತಿತ್ತು. ಬ್ಯಾಲೆನ್ಸ್ ತಪ್ಪಬಾರದು ಅಂತ ಮಿದುಳು ಇನ್ನೊಂದು ಕಡೆಯಿಂದ ಎಳೆಯುವುದನ್ನು ಕಲಿತಿತ್ತು. ನೀವು ಗುಳಿಗೆ ಬಿಟ್ಟಿರಿ, ಒಂದು ಕಡೆಯವರು ಹಗ್ಗ ಕೈಬಿಟ್ಟರು. ಇನ್ನೊಂದು ಕಡೆಯವರು ಧೊಪ್ಪನೆ ಬೀಳುತ್ತಾರೆ. ಆಕಳಿಕೆ, ಕಣ್ಣು ಮೂಗಲ್ಲಿ ನೀರು, ಮೈಮೇಲೆ ಮುಳ್ಳು, ಎದೆಬಡಿತ, ಭೇದಿ ಎಲ್ಲ ಆ ಬೀಳುವಿಕೆಯೇ. ನಮ್ಮ ಮೈ ತಾನೇ ಮಾಡಿಕೊಳ್ಳುವ ನೋವುಶಾಮಕ ಒಂದಿದೆ, ಎಂಡಾರ್ಫಿನ್ ಅಂತ. ಅದರ ಕೆಲಸ ಮಂದವಾಗಿರುತ್ತದೆ. ಖುಷಿ ಹುಟ್ಟಿಸುವ ಡೋಪಮಿನ್ ದಾರಿಯೂ ಹಾಗೇ. ಅದಕ್ಕೇ ಮಗು ಬಂದು ತೊಡೆ ಮೇಲೆ ಕೂತರೂ ಏನೂ ಅನ್ನಿಸುವುದಿಲ್ಲ. ಇದು ನಿಮ್ಮ ಗುಣದ ದೋಷ ಅಲ್ಲ, ನಿಮಗೆ ಮಗುವಿನ ಮೇಲೆ ಪ್ರೀತಿ ಕಡಿಮೆ ಆಗಿದೆ ಅಂತಲೂ ಅಲ್ಲ.

ಎಷ್ಟು ದಿನ ಇರುತ್ತೆ?

ಹೆರಾಯಿನ್, ಕೋಡೀನ್, ಟ್ರಮಡಾಲ್‌ನಂಥ ಬೇಗ ಇಳಿಯುವ ವಸ್ತುವಾದರೆ ಮೈಯ ತ್ರಾಸು 8ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. ಎರಡನೇ, ಮೂರನೇ ದಿನ ತುದಿಗೆ ಹೋಗುತ್ತದೆ. ವಾರ, ಹತ್ತು ದಿನಕ್ಕೆ ಬಹುಪಾಲು ಇಳಿಯುತ್ತದೆ. ಮನಸ್ಸು ಇಷ್ಟು ಬೇಗ ಸರಿಹೋಗುವುದಿಲ್ಲ. ಬೇಜಾರು, ಸಿಟ್ಟು, ನಿದ್ದೆಗೇಡು, ಮತ್ತೆ ಬೇಕು ಅನ್ನುವ ತುಡಿತ ವಾರಗಟ್ಟಲೆ ಇರಬಹುದು, ಕೆಲವರಿಗೆ ತಿಂಗಳುಗಟ್ಟಲೆ. ಒಂದೇ ಸಮನೆ ಇರುವುದಿಲ್ಲ. ನಾಲ್ಕು ದಿನ ಚೆನ್ನಾಗಿದ್ದು ಐದನೇ ದಿನ ಮತ್ತೆ ಕುಸಿಯುತ್ತದೆ. ಆ ಐದನೇ ದಿನವೇ "ಇದೆಲ್ಲ ಸುಮ್ನೆ" ಅನ್ನಿಸಿ ಎಷ್ಟೋ ಜನ ಅಂಗಡಿ ಕಡೆ ಹೋಗಿಬಿಡುತ್ತಾರೆ.

ಇದು ಬಿಟ್ಟಿದ್ದರ ಬೇಜಾರೋ, ಖಿನ್ನತೆ ಕಾಯಿಲೆಯೋ? ಹೇಗೆ ಗೊತ್ತಾಗುತ್ತೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ ಅಂತ ನನಗನ್ನಿಸುತ್ತದೆ. ಗುಳಿಗೆ ಹುಡುಕುವ ಮೊದಲು ಬೇಜಾರು ಯಾವುದು ಅಂತ ಗುರುತಿಸಬೇಕು.

ಡಾಕ್ಟರು ಮೂರು ವಿಷಯ ಕೇಳುತ್ತಾರೆ. ಚಟಕ್ಕಿಂತ ಮುಂಚೆಯೂ ಇಂಥ ಬೇಜಾರು ವಾರಗಟ್ಟಲೆ ಬಂದಿತ್ತಾ? ಹಿಂದೆ ಬಿಟ್ಟು ಚೆನ್ನಾಗಿದ್ದ ದಿನಗಳಲ್ಲೂ ಇತ್ತಾ? ಮನೆಯಲ್ಲಿ ಬೇರೆಯವರಿಗೆ ಖಿನ್ನತೆ ಇದೆಯಾ? ಹೌದು ಅಂದರೆ ಬೇರೆ ಕಾಯಿಲೆಯೇ ಇರುವ ಸಾಧ್ಯತೆ ಜಾಸ್ತಿ, ಕಾಯದೆ ಔಷಧ ಶುರು ಮಾಡಬಹುದು. ಇಲ್ಲ ಅಂದರೆ, ವಸ್ತು ಬಿಟ್ಟು ಸುಮಾರು ಒಂದು ತಿಂಗಳು ಕಳೆದ ಮೇಲೂ ಬೇಜಾರು ಹಾಗೇ ಇದೆಯಾ ಅಂತ ನೋಡುವುದು ರೂಢಿ. ಆ ತಿಂಗಳು ಸುಮ್ಮನೆ ಬಿಟ್ಟುಬಿಡುತ್ತಾರೆ ಅಂತ ಅರ್ಥ ಅಲ್ಲ. ವಾರವಾರ ಕರೆಸುತ್ತಾರೆ, ಬಿಡುವ ತ್ರಾಸಿಗೆ ಔಷಧ ನಡೆಯುತ್ತಿರುತ್ತದೆ. ತುಂಬ ಜೋರಿದ್ದರೆ, ಸಾಯುವ ಯೋಚನೆ ಇದ್ದರೆ, ಯಾರೂ ತಿಂಗಳು ಕಾಯುವುದಿಲ್ಲ.

ಗೋಕಾಕ ಕಡೆಯ ಒಬ್ಬ ತಾಯಿ ಇದಕ್ಕೆ ಒಂದು ಒಳ್ಳೆ ದಾರಿ ಕಂಡುಕೊಂಡಿದ್ದರು. ಅವರ ಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಹಾಲಿನ ಲೆಕ್ಕ ಬರೆಯುತ್ತಿದ್ದರು, ಅರ್ಧ, ಒಂದು ಅಂತ. ಅದರ ಕೆಳಗೇ ಮಗನ ಲೆಕ್ಕ ಬರೆಯಲು ಶುರು ಮಾಡಿದರು. ನಿದ್ದೆ ಎಷ್ಟು ತಾಸು, ರೊಟ್ಟಿ ಎಷ್ಟು, ಮನಸ್ಸಿಗೆ ಹತ್ತರಲ್ಲಿ ಎಷ್ಟು. ಮನಸ್ಸಿನ ಅಂಕಿ ಮಗನೇ ಹೇಳಬೇಕು. ಮೊದಲ ವಾರ ಪೂರ್ತಿ 1, 2. ಮೂರನೇ ವಾರ ಒಂದು ಕಡೆ 4 ಇತ್ತು, ಮರುದಿನ ಮತ್ತೆ 2. ಆ ಹಾಳೆಯನ್ನು ಮಡಚಿ ಸೆರಗಲ್ಲಿಟ್ಟುಕೊಂಡು ಬಂದಿದ್ದರು. ನಮ್ಮ ಡಾಕ್ಟರಿಗೆ ಬಾಯಿಮಾತಿನ "ಹಂಗ ಐತ್ರಿ" ಗಿಂತ ಆ ಹಾಳೆ ಎಷ್ಟೋ ಹೆಚ್ಚು ಹೇಳಿತು.

ಮೊದಲ ದಿನದಿಂದಲೇ ಖಿನ್ನತೆಯ ಗುಳಿಗೆ ತಗೊಂಡರೆ ಬಿಡುವುದು ಸಲೀಸಾಗುತ್ತಾ?

ಹೆಚ್ಚಿನವರಿಗೆ ಇಲ್ಲ. ಈ ಗುಳಿಗೆಗಳು ಕೆಲಸ ಶುರು ಮಾಡಲು 2ರಿಂದ 4 ವಾರ ಬೇಕು. ಪೂರ್ತಿ ಫಲ ಕಾಣಲು 6ರಿಂದ 8 ವಾರ. ಅಷ್ಟರಲ್ಲಿ ಮೈಯ ತ್ರಾಸು ಮುಗಿದಿರುತ್ತದೆ. ಅಲ್ಲದೆ ಇವುಗಳದೇ ಮೊದಲ ವಾರದ ಕಾಟ ಇದೆ: ಹೊಟ್ಟೆ ತೊಳಸುವುದು, ಚಡಪಡಿಕೆ, ನಿದ್ದೆ ಕೆಡುವುದು. ಬಿಟ್ಟಿದ್ದರ ತ್ರಾಸೂ ಹಾಗೇ ಇರುವುದರಿಂದ ಯಾವುದು ಯಾವುದರದ್ದು ಅಂತ ತಿಳಿಯದೆ ಜನ ಎರಡನ್ನೂ ಬಿಟ್ಟುಬಿಡುತ್ತಾರೆ. ನಿಜವಾದ ಖಿನ್ನತೆ ಇರುವವರಿಗೆ ಮಾತ್ರ ಇವು ದೊಡ್ಡ ಆಸರೆ. ಅಂಥವರಿಗೆ ಕೊಡದೇ ಇದ್ದರೆ ತಪ್ಪಾಗುತ್ತದೆ, ಬೇಜಾರು ತಾಳಲಾರದೆ ಮತ್ತೆ ಚಟಕ್ಕೆ ಹೋಗುತ್ತಾರೆ.

ಯಾವ ಗುಳಿಗೆ ಒಳ್ಳೆಯದು?

ಇಂಥದ್ದೇ ತಗೊಳ್ಳಿ ಅಂತ ನಾನು ಹೇಳುವುದಿಲ್ಲ, ಹೇಳಬಾರದು. ಡಾಕ್ಟರು ಏನನ್ನು ತೂಗಿ ನೋಡುತ್ತಾರೆ ಅಂತ ಹೇಳಬಲ್ಲೆ. ನಿದ್ದೆ, ಹಸಿವು ಎರಡೂ ಹೋಗಿದ್ದರೆ ಮಿರ್ಟಜಪಿನ್ ಯೋಚಿಸಬಹುದು, ರಾತ್ರಿ ತಗೊಳ್ಳುವಂಥದ್ದು, ನಿದ್ದೆ ತರುತ್ತದೆ. ಬೆನ್ನು, ಕೀಲು ನೋವೂ ಇದ್ದರೆ ಡುಲೋಕ್ಸೆಟಿನ್, ಆದರೆ ಲಿವರ್ ಕೆಟ್ಟಿದ್ದರೆ, ಕುಡಿತ ಇದ್ದರೆ ಅದು ಬೇಡ. ಸೆರ್ಟ್ರಲಿನ್, ಎಸ್ಸಿಟಾಲೊಪ್ರಾಮ್ ಸಾಮಾನ್ಯವಾಗಿ ಕೊಡುವಂಥವು. ಚಟ ಬಿಡಿಸಲು ಕೊಡುವ ಮೆಥಡೋನ್ ಅನ್ನುವ ಓಪಿಯಾಯ್ಡ್ ಔಷಧದ ಮೇಲಿದ್ದವರಿಗೆ ಎಸ್ಸಿಟಾಲೊಪ್ರಾಮ್ ಕೊಡುವ ಮೊದಲು ಇಸಿಜಿ ನೋಡುತ್ತಾರೆ, ಎರಡೂ ಸೇರಿ ಹೃದಯದ ಬಡಿತದ ತಾಳ ತಪ್ಪಿಸಬಹುದು. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಗುಳಿಗೆ ಅಗ್ಗ, ಆದರೆ ಜಾಸ್ತಿ ನುಂಗಿದರೆ ಹೃದಯಕ್ಕೆ ಅಪಾಯ. ಬುಪ್ರೊಪಿಯಾನ್ ಫಿಟ್ಸ್ ಬಂದವರಿಗೆ ಬೇಡ. ಇಷ್ಟು ಲೆಕ್ಕ ಇರುವಾಗ ಪಕ್ಕದ ಮನೆಯವರಿಗೆ ಹತ್ತಿದ ಗುಳಿಗೆ ನಿಮಗೂ ಹತ್ತಲಿ ಅನ್ನುವುದು ಸರಿಯಲ್ಲ, ಅಲ್ವಾ?

25 ವರ್ಷದೊಳಗಿನವರಿಗೆ ಶುರು ಮಾಡಿದ ಮೊದಲ ವಾರಗಳಲ್ಲಿ ಮನೆಯವರ ಕಣ್ಣು ಅವರ ಮೇಲಿರಲಿ. ಕೆಲವರಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗಬಹುದು.

ನಾನು ಬಿಡುತ್ತಿರುವುದು ಟ್ರಮಡಾಲ್. ಇದಕ್ಕೆ ಬೇರೆ ಲೆಕ್ಕ ಇದೆಯಾ?

ಇದೆ. ನಮ್ಮ ಕಡೆ ಇದನ್ನು ಕೇಳುವವರೇ ಜಾಸ್ತಿ. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಮುಂದೆ ದಿನಪೂರ್ತಿ ನಿಲ್ಲುವವರು, ಕಬ್ಬು ಕಡಿಯುವ ಗ್ಯಾಂಗಿನವರು, ರಾತ್ರಿಯಿಡೀ ಲಾರಿ ಓಡಿಸುವವರು ಸೊಂಟನೋವಿಗೆ ಅಂತ ಶುರು ಮಾಡಿರುತ್ತಾರೆ. ಯಾರೂ ಮೋಜಿಗೆ ಅಂತ ಶುರು ಮಾಡಿದ್ದಲ್ಲ.

ಟ್ರಮಡಾಲ್‌ಗೆ ಎರಡು ಕೈ ಇವೆ. ಒಂದು ಕೈ ಓಪಿಯಾಯ್ಡ್‌ನದು. ಇನ್ನೊಂದು ಕೈ ಖಿನ್ನತೆಯ ಗುಳಿಗೆಗಳ ಹಾಗೇ, ಮನಸ್ಸಿನ ಹದ ಕಾಯುವ ಸೆರೊಟೋನಿನ್ ಅನ್ನುವ ಮಿದುಳಿನ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಹಾಗಾಗಿ ಒಮ್ಮೆಲೇ ನಿಲ್ಲಿಸಿದರೆ ಎರಡು ಔಷಧ ಒಟ್ಟಿಗೆ ನಿಲ್ಲಿಸಿದ ಹಾಗೆ. ಮಾಮೂಲಿ ತ್ರಾಸಿನ ಜೊತೆ ಕೆಲವರಿಗೆ ತಲೆಯಲ್ಲಿ ಕರೆಂಟ್ ಹೊಡೆದಂತೆ, ಕೈಕಾಲು ಜುಮ್ಮೆನ್ನುವುದು, ವಿಪರೀತ ಭಯ, ಇಲ್ಲದ್ದು ಕಾಣುವುದು ಆಗುತ್ತದೆ. ಮನೆಯವರು ದೆವ್ವ ಹಿಡಿದಿದೆ ಅಂದುಕೊಂಡು ಎಲ್ಲೆಲ್ಲೋ ಕರೆದೊಯ್ದದ್ದೂ ಇದೆ. ಡಾಕ್ಟರ ಲೆಕ್ಕದಲ್ಲಿ ಹಂತ ಹಂತವಾಗಿ ಇಳಿಸುವುದೇ ಸರಿ.

ಇನ್ನೊಂದು ಮಾತು, ದಯವಿಟ್ಟು ಎರಡು ಸಲ ಓದಿ. ಟ್ರಮಡಾಲ್ ಮುಚ್ಚಿಟ್ಟುಕೊಂಡು ತಗೊಳ್ಳುತ್ತಾ, ಮೇಲೆ ಖಿನ್ನತೆಯ ಗುಳಿಗೆ ಸೇರಿಸಬೇಡಿ. ಎರಡೂ ಸೇರಿದರೆ ಫಿಟ್ಸ್ ಬರಬಹುದು, ಮೈಯಲ್ಲಿ ಸೆರೊಟೋನಿನ್ ಮಿತಿಮೀರಬಹುದು. ನಡುಕ, ಸ್ನಾಯು ಜಗ್ಗುವುದು, ಬಿಗಿತ, ಜೋರು ಜ್ವರ, ಗಲಿಬಿಲಿ ಕಂಡರೆ "ಬಿಟ್ಟಿದ್ದಕ್ಕೆ ಹೀಗೆ" ಅಂತ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ.

ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಕಾಯ್ದೆಯೊಳಗಿದೆ, ಮಾದಕ ವಸ್ತುಗಳ ಕಾನೂನು ಅದು. ಚೀಟಿ ಇಲ್ಲದೆ ಮಾರುವಂತಿಲ್ಲ.

ಹಾಗಾದರೆ ಬಿಡುವಾಗಿನ ಬೇಜಾರಿಗೆ ನಿಜವಾಗಿ ಕೆಲಸ ಮಾಡುವುದು ಯಾವುದು?

ಹೆಚ್ಚಿನವರಿಗೆ ಬುಪ್ರೆನಾರ್ಫಿನ್. ನಾಲಿಗೆ ಕೆಳಗೆ ಇಟ್ಟು ಕರಗಿಸಿಕೊಳ್ಳುವ ಗುಳಿಗೆ. ಇದೂ ಓಪಿಯಾಯ್ಡೇ, ಆದರೆ ಅರ್ಧ ಬಲದ್ದು, ಒಂದು ಮಟ್ಟಕ್ಕಿಂತ ಮೇಲೆ ಏರದ್ದು. ಹಗ್ಗದ ಆ ತುದಿಯನ್ನು ಯಾರೋ ಮೆಲ್ಲಗೆ ಹಿಡಿದುಕೊಂಡ ಹಾಗೆ. ಮೈ ಬೆವರು ನಿಲ್ಲುತ್ತದೆ, ನಿದ್ದೆ ಬರುತ್ತದೆ, ಎಷ್ಟೋ ಜನರ ಬೇಜಾರು ಬೇರೆ ಯಾವ ಗುಳಿಗೆಯೂ ಇಲ್ಲದೆ ಅರ್ಧಕ್ಕರ್ಧ ಇಳಿಯುತ್ತದೆ. ತ್ರಾಸು ಶುರುವಾದ ಮೇಲೆಯೇ ಮೊದಲ ಗುಳಿಗೆ ಕೊಡಬೇಕು. ಬೇಗ ಕೊಟ್ಟರೆ ತ್ರಾಸು ಒಮ್ಮೆಲೇ ಉಕ್ಕುತ್ತದೆ. ಹಾಗಾಗಿ ಕೊನೆಯ ಸಲ ಯಾವಾಗ ತಗೊಂಡಿರಿ ಅಂತ ಕೇಳಿದಾಗ ನಿಜ ಹೇಳಿ. ನಾವು ಬೈಯಲು ಕೇಳುವುದಲ್ಲ.

ಕೆಲವರಿಗೆ ಬೆವರು, ಚಡಪಡಿಕೆಗೆ ಕ್ಲೊನಿಡಿನ್ ಕೊಡುತ್ತಾರೆ. ಬಿಪಿ ಇಳಿಸುವ ಔಷಧ ಅದು, ಎದ್ದು ನಿಂತಾಗ ತಲೆ ತಿರುಗಬಹುದು. ಬೇಜಾರಿಗೆ ಅದರಿಂದ ಏನೂ ಆಗುವುದಿಲ್ಲ.

ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತೀರಿ ಅಂತಾರಲ್ಲ?

ಅಪ್ಪಂದಿರು ಇದನ್ನು ಸಿಟ್ಟಿನಿಂದ ಕೇಳುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಹೊಲ ಅಡವಿಟ್ಟು ಬಂದವರಿರುತ್ತಾರೆ. ನಾನು ಹೇಳುವುದು ಇಷ್ಟು: ಹುಡುಗ ಈಗ ಬೆಳಿಗ್ಗೆ ಏಳುತ್ತಾನೆ, ಉಣ್ಣುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ರೊಕ್ಕ ಕದಿಯುವುದಿಲ್ಲ. ಸಕ್ಕರೆ ಕಾಯಿಲೆಯವರು ದಿನಾ ಗುಳಿಗೆ ನುಂಗಿದರೆ ಅದಕ್ಕೆ ಚಟ ಅಂತೀರಾ? ಮೈ ಔಷಧಕ್ಕೆ ಒಗ್ಗಿರುವುದು ಬೇರೆ, ಬಾಳು ಅದರ ಹಿಂದೆ ಓಡುವುದು ಬೇರೆ. ಬೇಗ ನಿಲ್ಲಿಸಿ ಅಂತ ಒತ್ತಾಯ ಮಾಡಿ ಮತ್ತೆ ಚಟಕ್ಕೆ ಮರಳಿದವರನ್ನು ನಾನು ಬಹಳ ನೋಡಿದ್ದೇನೆ.

ಖಿನ್ನತೆಯ ಗುಳಿಗೆಯ ಬಗ್ಗೆಯೂ ಇದೇ ಭಯ. ಅದರಿಂದ ನಶೆ ಬರುವುದಿಲ್ಲ, ಇನ್ನಷ್ಟು ಬೇಕು ಅನ್ನಿಸುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಬಾರದು. ಗುಣ ಕಂಡ ಮೇಲೂ ಆರರಿಂದ ಒಂಬತ್ತು ತಿಂಗಳು ನಡೆಸಿ, ಆಮೇಲೆ ಮೆಲ್ಲಗೆ ಇಳಿಸುತ್ತಾರೆ.

ನಿದ್ದೆಗೆ ಅಲ್ಪ್ರಾಜೋಲಾಮ್ ತಗೊಂಡರೆ?

ಸ್ವಂತವಾಗಿ ಬೇಡವೇ ಬೇಡ. ಓಪಿಯಾಯ್ಡ್ ಜೊತೆ, ಬುಪ್ರೆನಾರ್ಫಿನ್ ಜೊತೆ, ಸಾರಾಯಿ ಜೊತೆ ಸೇರಿದರೆ ಉಸಿರಾಟ ನಿಧಾನವಾಗಿ ನಿಂತುಹೋಗಬಹುದು. ನರದ ನೋವಿಗೆ ಕೊಡುವ ಪ್ರೆಗಾಬಲಿನ್‌ಗೂ ಇದೇ ಮಾತು.

ಆನ್‌ಲೈನ್‌ನಲ್ಲಿ ಸಿಗುವ ಸಪ್ಲಿಮೆಂಟ್‌ಗಳು? ಅವು ಬರೀ ವಿಟಮಿನ್ ಅಲ್ವಾ?

ಒಂದು ದಿನದ ಸಂಗತಿ ಹೇಳುತ್ತೇನೆ. ಮೇ ತಿಂಗಳ ಬಿಸಿಲು. ಸ್ವೆಟರ್ ಹಾಕಿಕೊಂಡ ಲಾರಿ ಡ್ರೈವರ್ ಒಬ್ಬ ಬೆಂಚಿನ ಮೇಲೆ ಮುದುಡಿ ಕೂತಿದ್ದ. ಅವನ ಹೆಂಡತಿ ಬಟ್ಟೆ ಅಂಗಡಿಯ ಕೈಚೀಲವೊಂದನ್ನು ನನ್ನ ಟೇಬಲ್ ಮೇಲೆ ಸುರಿದಳು. ಟ್ರಮಡಾಲ್ ಪಟ್ಟಿಯಲ್ಲಿ ಎರಡು ಉಳಿದಿದ್ದವು. "ಬಿಟ್ಟೀನ್ರಿ, ತ್ರಾಸಾದಾಗ ಒಂದೊಂದು ಅಷ್ಟ" ಅಂದ. ಊರಿನ ಡಾಕ್ಟರು ಕೊಟ್ಟ ಖಿನ್ನತೆಯ ಗುಳಿಗೆ ಇತ್ತು. ಜೊತೆಗೆ ಫೋನಿನಲ್ಲಿ ತರಿಸಿದ ಬಿಳಿ ಡಬ್ಬಿ, ಫೈವ್ ಎಚ್‌ಟಿಪಿ. "ನ್ಯಾಚುರಲ್ ಐತಂತ್ರಿ" ಅಂದಳು ಆಕೆ. ಅವನ ಎರಡೂ ಕಾಲು ತಾವಾಗಿಯೇ ಎಗರುತ್ತಿದ್ದವು, ಹಣೆ ಸುಡುತ್ತಿತ್ತು. ಮೂರೂ ಸೆರೊಟೋನಿನ್ ಏರಿಸುವಂಥವೇ. ಡಾಕ್ಟರು ನೋಡಿದ್ದೇ ತಡ, ವಾರ್ಡಿಗೆ ಸೇರಿಸಿದರು. ಅವನು ಉಳಿದ. ಆ ಹೆಂಡತಿ ಚೀಲ ತರದೇ ಹೋಗಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ನನಗೆ ಎದೆ ಝಲ್ಲೆನ್ನುತ್ತದೆ.

ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡದ ಗುಳಿಗೆಯದೂ ಇದೇ ಅಪಾಯ. ಮೇಲಾಗಿ ಅದು ಲಿವರ್ ಕೆಲಸವನ್ನು ಚುರುಕು ಮಾಡಿ ಬುಪ್ರೆನಾರ್ಫಿನ್, ಮೆಥಡೋನ್ ಬೇಗ ಇಳಿದುಹೋಗುವಂತೆ ಮಾಡಬಹುದು. ಕ್ರೇಟಮ್ ಅಂತ ಒಂದು ಸೊಪ್ಪಿನ ಪುಡಿ ಮಾರುತ್ತಾರೆ. ಅದು ಮಿದುಳಲ್ಲಿ ಓಪಿಯಾಯ್ಡ್ ಜಾಗಕ್ಕೇ ಹೋಗಿ ಕೂರುತ್ತದೆ, ಅದರದೇ ಚಟ ಹತ್ತುತ್ತದೆ. ಟೈರೋಸಿನ್ ಖಿನ್ನತೆ ಕಳೆಯುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಮೆಗ್ನೀಸಿಯಂ ಜಾಸ್ತಿಯಾದರೆ ಮೊದಲೇ ಇರುವ ಭೇದಿ ಇನ್ನೂ ಹೆಚ್ಚುತ್ತದೆ. ಅಶ್ವಗಂಧ ಕೆಲವರಲ್ಲಿ ಲಿವರ್‌ಗೆ ತೊಂದರೆ ಕೊಟ್ಟಿದೆ, ಮಂಪರು ಹೆಚ್ಚಿಸಬಹುದು.

ಎಲ್ಲವೂ ಬೇಡ ಅಂತಲ್ಲ. ಬಿ12, ವಿಟಮಿನ್ ಡಿ ಕೊರತೆ ನಮ್ಮಲ್ಲಿ ಬಹಳ. ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ತಗೊಳ್ಳಿ, ಸುಸ್ತು ಇಳಿಯುತ್ತದೆ. ಮೀನೆಣ್ಣೆಯ ಒಮೆಗಾ 3 ಖಿನ್ನತೆಯಲ್ಲಿ ಸ್ವಲ್ಪ ಸಹಾಯ ಮಾಡಬಹುದು, ಗುಳಿಗೆಯ ಬದಲಿಗೆ ಅಲ್ಲ. ನಮ್ಮ ಅಗಸಿ ಚಟ್ನಿಯಲ್ಲೂ ಒಮೆಗಾ 3 ಇದೆ, ಆದರೆ ಬೇರೆ ಬಗೆಯದು, ಮೈಯಲ್ಲಿ ಅದರ ಸ್ವಲ್ಪ ಪಾಲು ಮಾತ್ರ ಮೀನೆಣ್ಣೆಯ ಬಗೆಗೆ ತಿರುಗುತ್ತದೆ. ರುಚಿಗೆ ಉಣ್ಣಿ, ಔಷಧ ಅಂತ ಅಲ್ಲ. ಮೊದಲ ವಾರ ಗಂಜಿ, ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಮೈಗೆ ಹತ್ತುತ್ತವೆ. ಸಂಜೆ ಅರ್ಧ ತಾಸು ನಡೆದರೆ ಡಬ್ಬಿಯ ಗುಳಿಗೆಗಳಿಗಿಂತ ಜಾಸ್ತಿ ಲಾಭ. ಇದು ನನ್ನ ಗಟ್ಟಿ ನಂಬಿಕೆ.

ಆಯುರ್ವೇದದ ಗುಳಿಗೆ ಸುರಕ್ಷಿತ ತಾನೆ?

ಒಳಗೆ ಏನಿದೆ ಅಂತ ನೋಡಿ. ಕಾಮಿನಿ ವಿದ್ರಾವಣ ರಸದಲ್ಲಿ ಅಫೀಮೇ ಇರುತ್ತದೆ, ಅಹಿಫೇನ ಅನ್ನುವ ಹೆಸರಲ್ಲಿ. ಗಂಡಸರು ಹಾಸಿಗೆಯಲ್ಲಿ ಹೊತ್ತು ನಿಲ್ಲಲಿ ಅಂತ ಶುರು ಮಾಡಿ, ಆಮೇಲೆ ದಿನಕ್ಕೆ ಹತ್ತಾರು ನುಂಗುವ ಮಟ್ಟಕ್ಕೆ ಹೋಗುತ್ತಾರೆ. ಬಿಟ್ಟಾಗ ಶೀಘ್ರಸ್ಖಲನ ಆಗುತ್ತದೆ. ನಾಚಿಕೆಯಿಂದ ಯಾರಿಗೂ ಹೇಳದೆ ಮತ್ತೆ ಅದಕ್ಕೇ ಮರಳುತ್ತಾರೆ. ಇದು ಬಿಡುವಾಗ ಬರುವ ಸಾಮಾನ್ಯ ತೊಂದರೆ. ನನ್ನ ಮುಂದೆ ಕಷ್ಟವಾದರೆ ಡಾಕ್ಟರ ಮುಂದೆ ಹೇಳಿ. ಖಿನ್ನತೆಯ ಕೆಲವು ಗುಳಿಗೆಗಳು ಇದಕ್ಕೂ ಸಹಾಯ ಮಾಡುತ್ತವೆ.

ಗಸಗಸೆ ಪಾಯಸ ಉಣ್ಣಬಹುದಾ?

ಗಸಗಸೆ ಅಫೀಮಿನ ಗಿಡದ್ದೇ ಬೀಜ. ಹಬ್ಬಕ್ಕೆ ಒಂದು ಬಟ್ಟಲು ಉಂಡರೆ ನಶೆ ಬರುವುದಿಲ್ಲ, ಆದರೆ ಮೂತ್ರ ಪರೀಕ್ಷೆಯಲ್ಲಿ ಅಫೀಮಿನ ಸುಳಿವು ತೋರಬಹುದು. ಪರೀಕ್ಷೆ ನಡೆಯುತ್ತಿರುವಷ್ಟು ದಿನ ಸಜ್ಜಕ ಮಾಡಿಕೊಳ್ಳಿ.

ಬಸುರಿ ಇದ್ದಾಗ ಬಿಡಬಹುದಾ?

ಒಮ್ಮೆಲೇ ಬಿಡಬೇಡಿ, ಮಗುವಿಗೆ ಅಪಾಯ. ಹೆರಿಗೆ ಡಾಕ್ಟರು, ಮನೋವೈದ್ಯರು ಇಬ್ಬರಿಗೂ ಹೇಳಿ. ಬುಪ್ರೆನಾರ್ಫಿನ್ ಮೇಲೆ ಇಟ್ಟುಕೊಂಡು ನೋಡಿಕೊಳ್ಳುವ ಕ್ರಮ ಇದೆ.

ಸಾಯಬೇಕು ಅನ್ನಿಸುತ್ತೆ ಅಂದರೆ ಮನೆಯವರು ಏನು ಮಾಡಬೇಕು?

ಕೇಳಿ. ನೇರವಾಗಿ ಕೇಳಿ: "ಸಾಯೋ ವಿಚಾರ ಬರ್ತಾವೇನು?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು, ಕೇಳಿದವರ ಮುಂದೆ ಎಷ್ಟೋ ಜನ ಅತ್ತು ಹಗುರಾಗುತ್ತಾರೆ. ಒಬ್ಬರನ್ನೇ ಬಿಡಬೇಡಿ. ಹೊಲದ ಎಣ್ಣೆ, ಅಂದರೆ ಕೀಟನಾಶಕ, ಮನೆಯಿಂದ ಹೊರಗೆ ಹೋಗಲಿ, ಬೇರೆಯವರ ಹತ್ತಿರ ಬೀಗ ಹಾಕಿಡಲಿ. ಗುಳಿಗೆ ಎರಡು ಮೂರು ದಿನದ್ದಷ್ಟೇ ಕೈಗೆ ಕೊಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಗಲೇ ಏನಾದರೂ ಆಗಿದ್ದರೆ 108.

ತಿಂಗಳು ಬಿಟ್ಟಿದ್ದೆ, ಬೇಜಾರಿಗೆ ಮತ್ತೆ ಮೊದಲಿನಷ್ಟೇ ತಗೊಂಡರೆ?

ಜೀವ ಹೋಗಬಹುದು. ಬಿಟ್ಟಷ್ಟು ದಿನ ಮೈ ತಾಳಿಕೆ ಕಳೆದುಕೊಂಡಿರುತ್ತದೆ. ಹಳೆಯ ಅಳತೆ ಈಗ ವಿಷ. ತುಟಿ ನೀಲಿ, ಗೊರಕೆಯಂಥ ಉಸಿರು, ಎಬ್ಬಿಸಿದರೆ ಏಳದಿರುವುದು ಕಂಡರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108 ಕರೆಸಿ. ನಲಾಕ್ಸೋನ್ ಸೂಜಿ ಉಸಿರನ್ನು ಮರಳಿ ತರುತ್ತದೆ. ಜಾರಿ ಬಿದ್ದಿದ್ದರೂ ನಮ್ಮ ಬಾಗಿಲು ಮುಚ್ಚಿರುವುದಿಲ್ಲ, ಮರುದಿನವೇ ಬನ್ನಿ.

ಪೊಲೀಸರಿಗೆ ಹೇಳುತ್ತೀರಾ? ಎಲ್ಲಿಗೆ ಬರಬೇಕು?

ಹೇಳುವುದಿಲ್ಲ. ಚಿಕಿತ್ಸೆಯ ಗುಟ್ಟು ಕಾಪಾಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ನಿಮ್ಮ ಹಕ್ಕು. ಸೇವನೆಯ ಕೇಸು ಅಥವಾ ಸಣ್ಣ ಪ್ರಮಾಣದ ಕೇಸು ಇದ್ದವರು ಸರ್ಕಾರಿ ಅಥವಾ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ತಾವಾಗಿ ಚಿಕಿತ್ಸೆಗೆ ಬಂದು ಪೂರ್ತಿ ಮಾಡಿದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ವಿಚಾರಿಸಿ. ಕೇಸು ಜಟಿಲವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವ್ಯಸನದ ಸಹಾಯವಾಣಿ 14446.

ಬರುವಾಗ ಏನು ತರಬೇಕು?

ಮನೆಯಲ್ಲಿರುವ ಎಲ್ಲ ಗುಳಿಗೆ, ಪುಡಿ, ಡಬ್ಬಿ. ಖಾಲಿ ಪಟ್ಟಿಗಳೂ ಸೇರಿ, ಚೀಲಕ್ಕೆ ಹಾಕಿಕೊಂಡು ತನ್ನಿ. ಹಳೆಯ ಚೀಟಿಗಳು. ಸೂಜಿ ಚುಚ್ಚಿಕೊಳ್ಳುತ್ತಿದ್ದರೆ ಅದನ್ನು ಹೇಳಿ, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿಸುತ್ತೇವೆ. ಕ್ಯಾಲೆಂಡರ್ ಹಾಳೆಯಲ್ಲಿ ಲೆಕ್ಕ ಇಟ್ಟಿದ್ದರೆ ಹರಿದುಕೊಂಡೇ ಬನ್ನಿ, ಹಾಲಿನ ಲೆಕ್ಕವನ್ನು ಬೇರೆ ಕಡೆ ಬರೆದಿಟ್ಟುಕೊಂಡು.